ಸೈಕಾಲಜಿ ಓದಿಗೆ ಸಾಲ: ಯಾವ ಮೆಟ್ಟಿಲಿಗೆ ಎಷ್ಟು?

ಮನಃಶಾಸ್ತ್ರ ಓದಲು ಶಿಕ್ಷಣ ಸಾಲ ಮಾಡಬಹುದೇ ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬೇರೆ ಹೇಳದ ಕಡೆಯೆಲ್ಲ ಬಡ್ಡಿಯನ್ನು ವರ್ಷಕ್ಕೆ ಶೇ 10 ಎಂದು ಹಿಡಿದಿದ್ದೇವೆ. ಆ ದರದಲ್ಲಿ ಒಂದು ಲಕ್ಷ ರೂಪಾಯಿಗೆ ತಿಂಗಳ ಕಂತು 10 ವರ್ಷಕ್ಕಾದರೆ 1,322 ರೂಪಾಯಿ, 15 ವರ್ಷಕ್ಕಾದರೆ 1,075 ರೂಪಾಯಿ. ಈ ಎರಡು ಅಂಕಿ ಕೈಯಲ್ಲಿದ್ದರೆ ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಬಹುದು.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಾಳೆ. ಸೈಕಾಲಜಿಯನ್ನೇ ಓದಬೇಕಂತೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎ. ಸೀಟು ಸಿಕ್ಕಿದೆ. ಮೂರು ವರ್ಷಕ್ಕೆ ಫೀಸು, ಹಾಸ್ಟೆಲ್ಲು ಸೇರಿ ಒಂಬತ್ತು ಲಕ್ಷ. ಬ್ಯಾಂಕಿನವರು ಏಳೂವರೆ ಲಕ್ಷ ಕೊಡುತ್ತೇವೆ, ಅಡಮಾನ ಬೇಡ ಎಂದಿದ್ದಾರೆ. ಯಜಮಾನರು ಬಸ್ ಕಂಡಕ್ಟರ್. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಅವಳೇ ತೀರಿಸುತ್ತಾಳೆ ಎಂದುಕೊಂಡಿದ್ದೇವೆ. ಸರಿಯೇ?
— ಒಬ್ಬ ತಾಯಿ, ಹಾಸನ

ಉತ್ತರ: ಇಲ್ಲಮ್ಮ, ಈ ಲೆಕ್ಕ ಕೂಡುವುದಿಲ್ಲ. ಮಗಳು ಸೈಕಾಲಜಿ ಓದಬಾರದೆಂದು ನಾವು ಹೇಳುತ್ತಿಲ್ಲ. ಓದಲಿ. ಆದರೆ ಈ ಸಾಲ ಬೀಳುತ್ತಿರುವುದು ತಪ್ಪು ಮೆಟ್ಟಿಲಿನ ಮೇಲೆ.

ಎಂಜಿನಿಯರಿಂಗ್, ನರ್ಸಿಂಗ್‌ಗಳಲ್ಲಿ ಡಿಗ್ರಿ ಕೈಗೆ ಬಂದರೆ ಆ ವೃತ್ತಿಯ ಬಾಗಿಲು ತೆರೆದಂತೆ. ಸೈಕಾಲಜಿ ಹಾಗಲ್ಲ. ಮೂರು ವರ್ಷದ ಬಿ.ಎ. ಮೊದಲ ಮೆಟ್ಟಿಲು. ಆಪ್ತಸಮಾಲೋಚಕರಾಗಿ ಗಟ್ಟಿಯಾಗಿ ನಿಲ್ಲಲು ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಬೇಕು. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಅದರಾಚೆಗೂ ಪೂರ್ಣಾವಧಿ ತರಬೇತಿ ಬೇಕು. ಬ್ಯಾಂಕಿಗೆ ಈ ಏಣಿಯ ಗೊಡವೆಯಿಲ್ಲ. ಕೋರ್ಸಿನ ಅವಧಿ, ಅದರ ಮೇಲೊಂದು ವರ್ಷ, ಆಮೇಲೆ ಕಂತು ಶುರು. ನಿಮ್ಮ ಮಗಳು ಎಂ.ಎ. ಎರಡನೇ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಬಿ.ಎ. ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತದೆ.

ಈಗ ಮೊತ್ತ ನೋಡೋಣ. ಬ್ಯಾಂಕು ವರ್ಷಕ್ಕೆ ಎರಡೂವರೆ ಲಕ್ಷದಂತೆ ಮೂರು ಸಲ ಹಣ ಕೊಡುತ್ತದೆ ಎಂದಿಟ್ಟುಕೊಳ್ಳಿ. ಓದುವ ಕಾಲದಲ್ಲಿ ಸರಳ ಬಡ್ಡಿ. ಮೊದಲ ಎರಡೂವರೆ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ ಒಂದು ಲಕ್ಷ, ಎರಡನೆಯದಕ್ಕೆ ಮೂರು ವರ್ಷದ್ದು 75 ಸಾವಿರ, ಮೂರನೆಯದಕ್ಕೆ ಎರಡು ವರ್ಷದ್ದು 50 ಸಾವಿರ. ಒಟ್ಟು 2.25 ಲಕ್ಷ. ಕಂತು ಶುರುವಾಗುವ ದಿನ ಇದನ್ನು ಅಸಲಿಗೆ ಸೇರಿಸುತ್ತಾರೆ. ಅಲ್ಲಿಗೆ ಸಾಲ 9.75 ಲಕ್ಷ. 10 ವರ್ಷಕ್ಕೆ ತಿಂಗಳ ಕಂತು ಸುಮಾರು 12,900 ರೂಪಾಯಿ, ಒಟ್ಟು ಕಟ್ಟುವುದು ಹದಿನೈದೂವರೆ ಲಕ್ಷ. 15 ವರ್ಷಕ್ಕೆ ಎಳೆದರೆ ಕಂತು 10,500ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ ಸುಮಾರು 18.9 ಲಕ್ಷಕ್ಕೆ ಏರುತ್ತದೆ.

ಇನ್ನೊಂದು ತಟ್ಟೆಯಲ್ಲಿ ಸಂಬಳ ಇಡಿ. ಡಿಗ್ರಿ ಆದವರಿಗೆ ಸಿಗಬಹುದಾದ ಕೆಲಸಗಳಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕರ ಹುದ್ದೆಯೂ ಒಂದು. ಕೇಂದ್ರದ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಅದಕ್ಕೆ ನಿಗದಿ ಮಾಡಿರುವ ಸಂಭಾವನೆ ತಿಂಗಳಿಗೆ 18,536 ರೂಪಾಯಿ, ಅದೂ ಗುತ್ತಿಗೆಯಲ್ಲಿ. 12,900 ಕಂತು ಕಟ್ಟಿದರೆ ಕೈಯಲ್ಲಿ ಉಳಿಯುವುದು 5,636. ಬಾಡಿಗೆ, ಊಟ, ಬಸ್ಸು ಎಲ್ಲ ಅದರಲ್ಲೇ ಆಗಬೇಕು. ಆಗುವುದಿಲ್ಲ. ಕೊನೆಗೆ ಕಂತು ಯಜಮಾನರ ಸಂಬಳಕ್ಕೇ ಬಂದು ನಿಲ್ಲುತ್ತದೆ.

ಹಾಗಾದರೆ ಬಿ.ಎ.ಗೆ ಎಷ್ಟು ಸಾಲ ಮಾಡಬಹುದು? ಕಂತು ಕೈಗೆ ಬರುವ ಸಂಬಳದ ಐದನೇ ಒಂದು ಭಾಗ ದಾಟಬಾರದು, ಹೆಚ್ಚೆಂದರೆ ಕಾಲುಭಾಗ ಎಂಬುದು ನಮ್ಮ ಅಳತೆ. 18,536ರಲ್ಲಿ ಐದನೇ ಒಂದು ಎಂದರೆ 3,700. ಅದನ್ನು 1,322ರಿಂದ ಭಾಗಿಸಿದರೆ 2.8 ಲಕ್ಷ. ಓದುವಾಗ ಬೆಳೆದ ಬಡ್ಡಿಯನ್ನು ಅದರಿಂದ ಕಳೆದರೆ ಉಳಿಯುವುದು ಸುಮಾರು 2.15 ಲಕ್ಷ. ಮೂರು ವರ್ಷಕ್ಕೂ ಸೇರಿ ಅಷ್ಟೇ. ಇಲ್ಲಿ ಎಂ.ಎ. ಆದವರ ಸಂಬಳ, ಆಸ್ಪತ್ರೆಯವರ ಸಂಬಳ ಹಿಡಿಯಬೇಡಿ. ಮುಂದಿನ ಸೀಟು ಸಿಗದೆ ಈ ಮೆಟ್ಟಿಲಿನಲ್ಲೇ ನಿಂತುಬಿಟ್ಟರೆ ಏನು ಸಿಗುತ್ತದೋ ಅದನ್ನೇ ಹಿಡಿಯಿರಿ.

ನಮ್ಮ ಸಲಹೆ ಇಷ್ಟು: ಬಿ.ಎ.ಯನ್ನು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಮುಗಿಸಲಿ. ಸಾಲ ಮಾಡುವ ಶಕ್ತಿಯನ್ನು ಮೇಲಿನ ಮೆಟ್ಟಿಲಿಗೆ ಉಳಿಸಿಕೊಳ್ಳಿ. ಸೈಕಾಲಜಿ ಎಂದರೆ ಬೆಂಗಳೂರಿನ ಖಾಸಗಿ ಕ್ಯಾಂಪಸ್ಸೇ ಆಗಬೇಕೆಂದೇನಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1920ರ ದಶಕದಿಂದಲೇ ಮನಃಶಾಸ್ತ್ರದ ಪಾಠ ನಡೆದಿದೆ. ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೇ. ಕಾಲೇಜು ಆರಿಸುವಾಗ ಎರಡು ಮಾತು ಕೇಳಿ: ಸೈಕಾಲಜಿ ಮೂರೂ ವರ್ಷ ಮುಖ್ಯ ವಿಷಯವಾಗಿ ಇದೆಯೇ, ಪ್ರಾಯೋಗಿಕ ತರಗತಿಗೆ ಲ್ಯಾಬ್ ಇದೆಯೇ. ಡಿಗ್ರಿಯಲ್ಲಿ ಸೈಕಾಲಜಿ ಓದಿಲ್ಲದವರನ್ನು ಹಲವು ವಿಶ್ವವಿದ್ಯಾಲಯಗಳು ಎಂ.ಎಸ್ಸಿ.ಗೆ ತೆಗೆದುಕೊಳ್ಳುವುದಿಲ್ಲ.

ಖಾಸಗಿ ಸೀಟಿಗೇ ಸೇರಿಸುವುದಾದರೆ ಸೇರಿಸುವ ಮುಂಚೆ ಎರಡು ಕೆಲಸ ಮಾಡಿ. ಮೊದಲನೆಯದು, ಆ ಸಂಸ್ಥೆ ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೇ ನೋಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ, ಅಂದರೆ ಓದುವ ಕಾಲ ಮತ್ತು ಅದರ ಮೇಲಿನ ಒಂದು ವರ್ಷದಲ್ಲಿ, ಶೇ 3ರಷ್ಟು ಬಡ್ಡಿ ರಿಯಾಯಿತಿ ಸಿಗುತ್ತದೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದವರಿಗೆ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಭರಿಸುವ ಇನ್ನೊಂದು ಯೋಜನೆಯೂ ಇದೆ. ಆದರೆ ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಬಿ.ಎ. ಸೈಕಾಲಜಿ ಅದರಲ್ಲಿ ಬರುತ್ತದೆಯೇ ಎಂದು ಬ್ಯಾಂಕಿನಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಬಾಯಿಮಾತು ನಂಬಿ ಫೀಸು ಕಟ್ಟಬೇಡಿ.

ಎರಡನೆಯದು, ಓದುವಾಗಲೇ ಬಡ್ಡಿ ಕಟ್ಟುತ್ತ ಹೋಗಿ. ಮೊದಲ ವರ್ಷ ತಿಂಗಳಿಗೆ 2,083, ಎರಡನೇ ವರ್ಷ 4,167, ಆಮೇಲೆ 6,250 ರೂಪಾಯಿ. ಹೀಗೆ ಕಟ್ಟಿದರೆ ಸಾಲ ಏಳೂವರೆ ಲಕ್ಷಕ್ಕೇ ನಿಲ್ಲುತ್ತದೆ, ಕಂತು 9,900ಕ್ಕೆ ಇಳಿಯುತ್ತದೆ. ಇದರ ಮೇಲೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ಕಡಿಮೆ ಮಾಡುತ್ತವೆ, ಕೇಳಿ ಪಡೆಯಿರಿ. ಈ 6,250 ರೂಪಾಯಿ ಈಗಲೇ ಕಷ್ಟ ಅನ್ನಿಸಿದರೆ ಮುಂದೆ 12,900 ಇನ್ನೂ ಕಷ್ಟ.

ಪ್ರಶ್ನೆ: ಎಂ.ಎ. ಸೈಕಾಲಜಿ ಮುಗಿಸಿದ್ದೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂಬುದು ಬಹಳ ದಿನದ ಆಸೆ. ಒಂದು ಖಾಸಗಿ ಸಂಸ್ಥೆಯಲ್ಲಿ ಎರಡು ವರ್ಷದ ಕೋರ್ಸಿಗೆ ಐದು ಲಕ್ಷ ಕೇಳುತ್ತಿದ್ದಾರೆ. ಸಾಲ ಮಾಡಿ ಸೇರಬಹುದೇ?
— ಎಂ.ಎ. ಪದವೀಧರೆ, ಶಿವಮೊಗ್ಗ

ಉತ್ತರ: ಸಾಲ ಮಾಡುವುದೇ ಆದರೆ ಈ ಮೆಟ್ಟಿಲಿಗೆ ಮಾಡಿ. ಆದರೆ ಒಂದು ಷರತ್ತು: ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಅನುಮೋದನೆ ಇರಲೇಬೇಕು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ನಡೆಸುವುದು ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು ಅರ್ಹತೆಯ ಮೂಲಕವೇ ಹೇಳುತ್ತದೆ. ನಿಮ್ಮ ಐದು ಲಕ್ಷ ಹೋಗುವುದು ಆ ನೋಂದಣಿ ಸಂಖ್ಯೆಗೆ. ಅದು ಸಿಗದ ಕೋರ್ಸಾದರೆ ಈಗಿರುವ ಎಂ.ಎ. ಪಕ್ಕದಲ್ಲಿ ಇನ್ನೊಂದು ಪ್ರಮಾಣಪತ್ರ ಸೇರುತ್ತದೆ, ಸಂಬಳ ಮೇಲೇಳುವುದಿಲ್ಲ.

ಮೋಸ ಹೋಗುವುದು ಕೋರ್ಸಿನ ಹೆಸರಿನಲ್ಲಿ. ಬ್ರೋಷರಿನಲ್ಲಿ ‘ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ’ ಎಂದು ದಪ್ಪಕ್ಷರದಲ್ಲಿರುತ್ತದೆ, ಕೆಳಗೆ ‘ಯುಜಿಸಿ ಮಾನ್ಯತೆ’ ಎಂದಿರುತ್ತದೆ. ಎರಡೂ ಸುಳ್ಳಲ್ಲ. ಆದರೆ ವಿಶ್ವವಿದ್ಯಾಲಯಕ್ಕೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವುದು ಬೇರೆ, ಆ ಕೋರ್ಸಿಗೆ ಆರ್‌ಸಿಐ ಅನುಮೋದನೆ ಇರುವುದು ಬೇರೆ. ಆರ್‌ಸಿಐ ಜಾಲತಾಣದಲ್ಲಿ ಅನುಮೋದಿತ ಸಂಸ್ಥೆಗಳ ಪಟ್ಟಿ ತೆರೆದು ನಿಮ್ಮ ಸಂಸ್ಥೆಯ ಸಾಲನ್ನು ಹುಡುಕಿ. ಕೋರ್ಸಿನ ಹೆಸರು ಅಕ್ಷರಶಃ ಅದೇ ಇದೆಯೇ, ಎಷ್ಟು ಸೀಟಿಗೆ ಒಪ್ಪಿಗೆ ಇದೆ, ಒಪ್ಪಿಗೆ ಯಾವ ಶೈಕ್ಷಣಿಕ ವರ್ಷದವರೆಗೆ ಇದೆ ಎಂದು ನೋಡಿ. ನಿಮ್ಮ ಪ್ರವೇಶ ಆ ಸೀಟುಗಳ ಒಳಗಿದೆ ಎಂದು ಸಂಸ್ಥೆಯಿಂದ ಪತ್ರ ಪಡೆಯಿರಿ. ಸೀಟಿನ ಲೆಕ್ಕ ಮೀರಿ ಸೇರಿಸಿಕೊಂಡವರಿಗೆ ಕೊನೆಯಲ್ಲಿ ನೋಂದಣಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ವೃತ್ತಿಗೆ ಬಹುಕಾಲದಿಂದ ಇದ್ದ ದಾರಿ ಎರಡು ವರ್ಷದ ಎಂ.ಫಿಲ್. ಎಂ.ಫಿಲ್ ಪದವಿಯನ್ನೇ ಯುಜಿಸಿ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಆ ಜಾಗಕ್ಕೆ ಆರ್‌ಸಿಐ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್, ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿಯಂಥ ಹೊಸ ಕೋರ್ಸುಗಳನ್ನು ತಂದಿದೆ. ಹಾಗಾಗಿ ಆ ಸಾಲಿನ ನಂತರ ಯಾರಾದರೂ ಎಂ.ಫಿಲ್ ಸೀಟು ಕೊಡುತ್ತೇವೆ ಎಂದರೆ ಯಾವ ಆದೇಶದ ಮೇಲೆ ಎಂದು ಕೇಳಿ, ಆ ಆದೇಶದ ಪ್ರತಿ ಕೈಗೆ ಬರುವವರೆಗೆ ಹಣ ಕಟ್ಟಬೇಡಿ.

ಎಲ್ಲ ಸರಿಯಿದ್ದರೆ ಲೆಕ್ಕ ಹೀಗೆ: ವರ್ಷಕ್ಕೆ ಎರಡೂವರೆ ಲಕ್ಷದಂತೆ ಐದು ಲಕ್ಷ. ಕೋರ್ಸು ಎರಡು ವರ್ಷ, ಬಿಡುವು ಒಂದು ವರ್ಷ. ಬಡ್ಡಿ ಸೇರಿ 6.25 ಲಕ್ಷ. 10 ವರ್ಷಕ್ಕೆ ಕಂತು 8,260 ರೂಪಾಯಿ. ಕಾಲುಭಾಗದ ಅಳತೆ ಹಿಡಿದರೆ ಕೈಗೆ 33 ಸಾವಿರ ಬರುವ ಕೆಲಸ ಬೇಕು. ನೀವು ಸೇರಬಹುದಾದ ಮೂರು ಆಸ್ಪತ್ರೆಗಳಲ್ಲಿ ಹೊಸಬರಿಗೆ ಎಷ್ಟು ಕೊಡುತ್ತಾರೆ ಎಂದು ಈಗಲೇ ವಿಚಾರಿಸಿ. ಆ ಸಂಸ್ಥೆಯಿಂದ ಹಿಂದಿನ ವರ್ಷ ಹೊರಬಂದ ಇಬ್ಬರ ಜೊತೆ ಮಾತಾಡಿದರೂ ಗೊತ್ತಾಗುತ್ತದೆ.

ಈ ತರಬೇತಿ ಪೂರ್ಣಾವಧಿಯದು, ಜೊತೆಗೆ ಬೇರೆ ಕೆಲಸ ಮಾಡಲಾಗದು. ಆದ್ದರಿಂದ ಊಟ, ವಸತಿಯ ಖರ್ಚನ್ನೂ ಸಾಲದ ಅರ್ಜಿಯಲ್ಲಿ ತೋರಿಸಿ. ಪ್ರಬಂಧ ತಡವಾಗಿ ಕೋರ್ಸು ಆರು ತಿಂಗಳು ಮುಂದಕ್ಕೆ ಹೋಗುವುದು ಈ ಓದಿನಲ್ಲಿ ಆಗಾಗ ನಡೆಯುವ ಮಾತು. ಬ್ಯಾಂಕಿನ ಗಡಿಯಾರ ಮಾತ್ರ ಮೊದಲು ಬರೆದುಕೊಟ್ಟ ದಿನಾಂಕದ ಪ್ರಕಾರವೇ ಓಡುತ್ತದೆ. ಹಾಗಾದರೆ ಸಂಸ್ಥೆಯ ಪತ್ರದೊಂದಿಗೆ ಅವಧಿ ವಿಸ್ತರಣೆ ಕೇಳಿ. ಬ್ಯಾಂಕುಗಳ ಸಂಘ ರೂಪಿಸಿರುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಗರಿಷ್ಠ ಎರಡು ವರ್ಷದವರೆಗೆ ಅವಕಾಶವಿದೆ. ಫಲಿತಾಂಶ ಬಂದು ಆರ್‌ಸಿಐ ಸಂಖ್ಯೆ ಕೈಗೆ ಬರುವ ನಡುವಿನ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ಆ ಸಂಖ್ಯೆಯಿಲ್ಲದೆ ಕ್ಲಿನಿಕಲ್ ಹುದ್ದೆಗೆ ಸೇರಿಸಿಕೊಳ್ಳುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಫೀಸು ಕಡಿಮೆ, ಕಲಿಯುವಾಗ ಶಿಷ್ಯವೇತನವೂ ಇರುತ್ತದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೂ ಒಂದು ವರ್ಷ ಕೆಲಸ ಮಾಡುತ್ತ ಪ್ರವೇಶ ಪರೀಕ್ಷೆಗೆ ಓದುವುದನ್ನು ಮೊದಲು ಯೋಚಿಸಿ. ಐದು ಲಕ್ಷದ ಸಾಲಕ್ಕೆ ಕೊನೆಗೆ ನೀವು ಕಟ್ಟುವುದು ಹತ್ತಿರ ಹತ್ತಿರ ಹತ್ತು ಲಕ್ಷ. ಒಂದು ವರ್ಷ ಕಾಯುವುದಕ್ಕೆ ಅಷ್ಟು ಬೆಲೆ ಇಲ್ಲ.

ಪ್ರಶ್ನೆ: ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡಿದರೆ ಸಾಲವೇ ಬೇಡವಲ್ಲ?
— ಖಾಸಗಿ ಉದ್ಯೋಗಿ, ತುಮಕೂರು

ಉತ್ತರ: ಆ ದಾರಿ ಈಗ ಮುಚ್ಚಿದೆ. ಸೈಕಾಲಜಿಯೂ ಸೇರಿ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ರೂಪದಲ್ಲಿ ನಡೆಸಬಾರದೆಂದು ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಷೇಧ ಹಾಕಿದೆ. ‘ಆನ್‌ಲೈನ್ ಎಂ.ಎ. ಸೈಕಾಲಜಿ, ಕಂತಿನಲ್ಲಿ ಫೀಸು’ ಎಂದು ಯಾರಾದರೂ ಈಗಲೂ ಕರೆ ಮಾಡಿದರೆ ಸೇರಬೇಡಿ. ಅಂಥ ಕಂತಿನ ಒಪ್ಪಂದ ಎಷ್ಟೋ ಸಲ ಹಣಕಾಸು ಕಂಪನಿಯೊಂದರ ವೈಯಕ್ತಿಕ ಸಾಲವಾಗಿರುತ್ತದೆ. ಕೋರ್ಸು ನಿಂತರೂ ಸಾಲ ನಿಲ್ಲುವುದಿಲ್ಲ. ನಿಮ್ಮ ಊರಿನಲ್ಲೇ ಅಥವಾ ರೈಲಿನಲ್ಲಿ ಹೋಗಿಬರುವ ದೂರದಲ್ಲಿ ವಿಶ್ವವಿದ್ಯಾಲಯದ ರೆಗ್ಯುಲರ್ ಎಂ.ಎಸ್ಸಿ. ಇದೆಯೇ ನೋಡಿ. ಎರಡು ವರ್ಷದ ಸಂಬಳ ಹೋಗುವುದೂ ಖರ್ಚೇ, ಅದನ್ನೂ ಫೀಸಿನ ಜೊತೆ ಕೂಡಿಸಿಕೊಂಡು ತೀರ್ಮಾನ ಮಾಡಿ.

ಪ್ರಶ್ನೆ: ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಆಗಿದೆ. ಗಂಟೆಗೆ 800 ರೂಪಾಯಿ ತೆಗೆದುಕೊಂಡು ದಿನಕ್ಕೆ ಆರು ಜನರನ್ನು ನೋಡಿದರೆ ತಿಂಗಳಿಗೆ ಲಕ್ಷ ದಾಟುತ್ತದೆ. ಆರು ಲಕ್ಷದ ಸಾಲವಿದೆ. ಕೆಲಸಕ್ಕೆ ಸೇರುವ ಬದಲು ಸ್ವಂತ ಕೇಂದ್ರ ತೆರೆಯಲೇ?
— ಯುವಕ, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ದಿನಕ್ಕೆ ಆರು ಜನ ಬರುವುದು ಹೆಸರು ನಿಂತ ಮೇಲೆ. ಬಂದರೂ ದಿನಾ ಆರು ಜನರ ದುಃಖಕ್ಕೆ ಕಿವಿಗೊಟ್ಟು, ಪ್ರತಿಯೊಬ್ಬರ ಟಿಪ್ಪಣಿ ಬರೆದು, ಮಾರನೇ ದಿನ ಅದೇ ಗಮನದಿಂದ ಕೂರುವುದು ಹೊಸಬರಿಗೆ ಆಗದ ಮಾತು. ಗಮನ ತಪ್ಪಿದರೆ ನಷ್ಟ ಆಗುವುದು ಎದುರು ಕೂತವರಿಗೆ.

ಮೊದಲ ವರ್ಷದ ಲೆಕ್ಕವನ್ನು ಹೀಗೆ ಹಾಕಿ ನೋಡಿ. ವಾರಕ್ಕೆ ಹತ್ತು ಜನ ಸಮಯ ಗೊತ್ತು ಮಾಡಿಕೊಳ್ಳುತ್ತಾರೆ ಎನ್ನೋಣ. ಇಬ್ಬರು ಬರುವುದಿಲ್ಲ: ಒಬ್ಬರಿಗೆ ಮನೆಯಲ್ಲಿ ಗೊತ್ತಾಗುವ ಭಯ, ಇನ್ನೊಬ್ಬರು ಎರಡನೇ ಭೇಟಿಗೇ ಹಗುರಾಯಿತೆಂದು ನಿಲ್ಲಿಸಿರುತ್ತಾರೆ. ಉಳಿದ ಎಂಟು ಜನರಿಂದ ತಿಂಗಳಿಗೆ ಸುಮಾರು 34 ಭೇಟಿ, 27,200 ರೂಪಾಯಿ. ಇದರಲ್ಲಿ ಕೋಣೆಯ ಬಾಡಿಗೆ 8,000, ವಿದ್ಯುತ್ತು, ಫೋನು, ಪ್ರಚಾರಕ್ಕೆ 2,000, ಹಿರಿಯ ಸೈಕಾಲಜಿಸ್ಟರ ಬಳಿ ತಿಂಗಳಿಗೆರಡು ಸಲ ನಿಮ್ಮ ಕೇಸುಗಳನ್ನು ಚರ್ಚಿಸಲು 3,000 ಎಂದು ಹಿಡಿಯಿರಿ. ಈ ಕೊನೆಯ ಖರ್ಚನ್ನು ಮಾತ್ರ ಕಡಿತ ಮಾಡಬೇಡಿ. ಉಳಿಯುವುದು 14,200. ಆರು ಲಕ್ಷಕ್ಕೆ ಕಂತು 7,930. ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಪರೀಕ್ಷೆಯ ಕಾಲ, ಹಬ್ಬದ ತಿಂಗಳು, ಮಳೆಗಾಲಗಳಲ್ಲಿ ಬರುವವರು ಏರಿಳಿಯುತ್ತಾರೆ. ಕಂತಿನ ತಾರೀಕು ಏರಿಳಿಯುವುದಿಲ್ಲ.

ಸಂಬಳದ ಕೆಲಸಕ್ಕೆ ಸೇರಿ ಸಂಜೆ ಮತ್ತು ಭಾನುವಾರ ಮಾತ್ರ ಜನರನ್ನು ನೋಡಿ. ಸಿಬಿಎಸ್‌ಇ ಮಾನ್ಯತೆಯ ನಿಯಮದಲ್ಲೇ ಶಾಲೆಗೆ ಆಪ್ತಸಮಾಲೋಚಕರು ಇರಬೇಕೆಂದಿದೆ, ಅಂಥ ಶಾಲೆಗಳಲ್ಲಿ ವಿಚಾರಿಸಿ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಕಂಪನಿಗಳ ಉದ್ಯೋಗಿ ನೆರವು ವಿಭಾಗ, ಇವುಗಳ ನೇಮಕಾತಿ ಪ್ರಕಟಣೆಗಳ ಮೇಲೂ ಕಣ್ಣಿಡಿ. ಕೋಣೆಯನ್ನು ತಿಂಗಳ ಬಾಡಿಗೆಗೆ ಹಿಡಿಯುವ ಬದಲು ಪರಿಚಯದ ವೈದ್ಯರ ಕ್ಲಿನಿಕ್ಕಿನಲ್ಲಿ ಗಂಟೆ ಲೆಕ್ಕದಲ್ಲಿ ಕೇಳಿ. ಸತತ ಆರು ತಿಂಗಳು ಸಂಜೆಯ ಸಂಪಾದನೆಯೇ ಕಂತಿನ ಮೂರರಷ್ಟು ಬಂದರೆ ಆಗ ಕೆಲಸ ಬಿಡುವ ಮಾತು ತೆಗೆಯಬಹುದು. ಬೋರ್ಡು ಬರೆಸುವಾಗ ಎಚ್ಚರ: ‘ಆಪ್ತಸಮಾಲೋಚಕ’ ಎಂದು ಹಾಕಿ. ಆರ್‌ಸಿಐ ನೋಂದಣಿ ಇಲ್ಲದ ನೀವು ‘ಕ್ಲಿನಿಕಲ್’ ಎಂಬ ಪದ ಬಳಸುವಂತಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, ನಾಲ್ಕು ವರ್ಷಕ್ಕೆ ನಿವೃತ್ತಿ. ಮಗ ಬ್ರಿಟನ್ನಿನಲ್ಲಿ ಒಂದು ವರ್ಷದ ಸೈಕಾಲಜಿ ಎಂ.ಎಸ್ಸಿ. ಮಾಡುತ್ತಾನಂತೆ. ಖರ್ಚು 30 ಲಕ್ಷ. ಮನೆ ಅಡವಿಟ್ಟು ಸಾಲ ತೆಗೆಯಲು ಬ್ಯಾಂಕು ಒಪ್ಪಿದೆ. ಸಹಿ ಹಾಕಲೇ?
— ಶಿಕ್ಷಕರು, ಬಾಗಲಕೋಟೆ

ಉತ್ತರ: ಮೇಷ್ಟ್ರೇ, ದಯವಿಟ್ಟು ಈ ತಿಂಗಳು ಸಹಿ ಹಾಕಬೇಡಿ.

ವಿದೇಶದ ಓದಿಗೆ ಬಡ್ಡಿ ಶೇ 11 ಎಂದು ಹಿಡಿಯೋಣ. ಓದು ಒಂದು ವರ್ಷ, ಬಿಡುವು ಒಂದು ವರ್ಷ, ಎರಡು ವರ್ಷದ ಬಡ್ಡಿ 6.6 ಲಕ್ಷ. ಕಂತು ಶುರುವಾಗುವಾಗ ಸಾಲ 36.6 ಲಕ್ಷ. 15 ವರ್ಷಕ್ಕೆ ಎಳೆದರೂ ತಿಂಗಳಿಗೆ 41,600 ರೂಪಾಯಿ. ಆಗ ನಿಮಗೆ ಉಳಿದಿರುವುದು ಎರಡು ವರ್ಷದ ಸರ್ವಿಸು. ಆಮೇಲಿನ ಹದಿಮೂರು ವರ್ಷ ಕಂತು ನಿಮ್ಮ ನಿವೃತ್ತಿಯ ಹಣದ ಬೆನ್ನು ಹತ್ತುತ್ತದೆ. ಸಹ-ಸಾಲಗಾರ ಎಂದರೆ ಸಾಕ್ಷಿಯಲ್ಲ, ಸಾಲಗಾರನೇ. ಮಗ ಕಟ್ಟದಿದ್ದರೆ ಬ್ಯಾಂಕು ನೇರವಾಗಿ ನಿಮ್ಮನ್ನೂ ಮನೆಯನ್ನೂ ಹಿಡಿಯಬಹುದು.

ಅಷ್ಟು ಕೊಟ್ಟು ಅವನಿಗೆ ಸಿಗುವುದೇನು? ಬ್ರಿಟನ್ನಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರು ಕಾನೂನಿನ ರಕ್ಷಣೆಯಲ್ಲಿದೆ, ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಬೇಕು, ಅದಕ್ಕೆ ಡಾಕ್ಟರೇಟ್ ಮಟ್ಟದ ತರಬೇತಿ ಬೇಕು. ಒಂದು ವರ್ಷದ ಎಂ.ಎಸ್ಸಿ. ಅಲ್ಲಿಗೆ ಹೋಗುವ ದಾರಿಯ ಆರಂಭ ಅಷ್ಟೇ. ಬೇರೆ ವಿಷಯ ಓದಿ ಬಂದವರಿಗೆ ನಡೆಸುವ ‘ಕನ್ವರ್ಷನ್’ ಎಂ.ಎಸ್ಸಿ.ಯಂತೂ ಸೈಕಾಲಜಿ ಡಿಗ್ರಿಗೆ ಸಮನಾಗಿಸುವ ಕೋರ್ಸು. ಓದಿನ ನಂತರ ಅಲ್ಲಿ ಇದ್ದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ವಾಪಸು ಬಂದರೆ ಆ ಎಂ.ಎಸ್ಸಿ. ಮೇಲೆ ಇಲ್ಲಿ ಆರ್‌ಸಿಐ ನೋಂದಣಿ ತಾನಾಗಿ ಸಿಗುವುದಿಲ್ಲ. 41,600 ಕಂತನ್ನು ಇಲ್ಲಿನ ಸಂಬಳದಲ್ಲಿ ಕಟ್ಟಬೇಕಾಗುತ್ತದೆ.

ಮಗನಿಗೆ ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಇದ್ದರೆ ಬೇರೆ ದಾರಿಗಳಿವೆ. ಅಮೆರಿಕದಲ್ಲಿ ಸೈಕಾಲಜಿ ಪಿಎಚ್‌.ಡಿ.ಗೆ ಸೇರಿಸಿಕೊಳ್ಳುವ ಅನೇಕ ವಿಭಾಗಗಳು ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಟ್ಟು, ಫೀಸು ಮನ್ನಾ ಮಾಡಿ, ಶಿಷ್ಯವೇತನವನ್ನೂ ಕೊಡುತ್ತವೆ. ಸೇರುವುದು ಕಷ್ಟ, ಆದರೆ ಮನೆ ಅಡವಿಡಬೇಕಿಲ್ಲ. ಭಾರತದಲ್ಲೇ ಯುಜಿಸಿ-ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಪಡೆದರೆ 2023ರ ಜನವರಿಯಿಂದ ಇರುವ ದರದಲ್ಲಿ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅದೇ ಓದು ಒಂದು ಕಡೆ ತಿಂಗಳಿಗೆ 41 ಸಾವಿರ ಕೇಳುತ್ತದೆ, ಇನ್ನೊಂದು ಕಡೆ 37 ಸಾವಿರ ಕೊಡುತ್ತದೆ. ಮಗನನ್ನು ಕೂರಿಸಿಕೊಂಡು ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ತೋರಿಸಿ.

ಆದಾಯ ತೆರಿಗೆಯಲ್ಲಿ ಉಳಿಯುತ್ತದೆ ಎಂದು ಬ್ಯಾಂಕಿನಲ್ಲಿ ಹೇಳಿರಬಹುದು. 80ಇ ಎಂದು ಕರೆಯುವ ಆ ವಿನಾಯಿತಿ ಬಡ್ಡಿಗೆ ಮಾತ್ರ, ಎಂಟು ವರ್ಷಕ್ಕೆ ಮಾತ್ರ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 15 ವರ್ಷದ ಸಾಲದಲ್ಲಿ ಕೊನೆಯ ಏಳು ವರ್ಷಕ್ಕೆ ಅದು ಇಲ್ಲ.

ಪ್ರಶ್ನೆ: ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ಕೈಗೆ 22 ಸಾವಿರ ಬರುತ್ತದೆ. ಆರು ಲಕ್ಷದ ಸಾಲ, ಕಂತು 7,930. ಎರಡು ಕಂತು ಬಾಕಿ ಬಿದ್ದಿದೆ. ಬ್ಯಾಂಕಿನಿಂದ ಫೋನು ಬಂದರೆ ಕೈ ನಡುಗುತ್ತದೆ.
— ಹೆಸರು ಬೇಡ ಎಂದವರು, ದಾವಣಗೆರೆ

ಉತ್ತರ: ಫೋನು ಎತ್ತಿ. ಇನ್ನೂ ಕಾಲ ಮೀರಿಲ್ಲ. ಬಾಕಿ 90 ದಿನ ದಾಟಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತದೆ, ಆಮೇಲೆ ಮಾತುಕತೆಯ ಧಾಟಿಯೇ ಬೇರೆ. ನಿಮ್ಮದು ಎರಡು ಕಂತು, ಆದ್ದರಿಂದ ಈ ವಾರವೇ ಶಾಖೆಗೆ ಹೋಗಿ. ಈಗ ಸಾಧ್ಯವಾದರೆ ಹಳೆಯ ಕಂತಿನಲ್ಲಿ ಒಂದನ್ನಾದರೂ ಕಟ್ಟಿ, ರಸೀದಿ ಜೊತೆಗಿಟ್ಟುಕೊಳ್ಳಿ.

ಮ್ಯಾನೇಜರಿಗೆ ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಕೊಡಿ. ಅದರಲ್ಲಿ ಸಾಲದ ಖಾತೆ ಸಂಖ್ಯೆ, ಈಗಿನ ಸಂಬಳ, ಮನೆಬಾಡಿಗೆ, ನೀವು ಕಟ್ಟಬಲ್ಲ ಮೊತ್ತ ಇಷ್ಟಿರಲಿ. ಮೂರು ತಿಂಗಳ ಸಂಬಳದ ಚೀಟಿ ಲಗತ್ತಿಸಿ. ಕೇಳಬೇಕಾದದ್ದು ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸುವುದು, ಆಗ ಕಂತು 6,450ಕ್ಕೆ ಬರುತ್ತದೆ. ಅಷ್ಟೂ ಆಗದಿದ್ದರೆ ಮೊದಲ ವರ್ಷಗಳಲ್ಲಿ ಕಡಿಮೆ, ಆಮೇಲೆ ಏರುವ ಕಂತು ಕೇಳಿ. ಮುಂದೆ ಎಂದಾದರೂ ಕೆಲಸ ಹೋದರೆ ಆ ಅವಧಿಗೆ ಆರು ತಿಂಗಳ ಬಿಡುವು ಕೇಳಲು ಮಾದರಿ ಸಾಲ ಯೋಜನೆಯಲ್ಲಿ ಅವಕಾಶವಿದೆ, ಅದನ್ನು ನೆನಪಿಡಿ. ಅರ್ಜಿಯ ಪ್ರತಿಯ ಮೇಲೆ ಶಾಖೆಯ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರಬಹುದು, ಶುಲ್ಕವಿಲ್ಲ. ಆಗ ಬೇಕಾಗುವುದು ಆ ಮುದ್ರೆಯ ಪ್ರತಿಯೇ.

ಅವಧಿ ವಿಸ್ತರಣೆಯಿಂದ ಒಟ್ಟು ಬಡ್ಡಿ ಹೆಚ್ಚುತ್ತದೆ, ನಿಜ. ಈಗ ಮುಖ್ಯವಾದುದು ಬಾಕಿ ನಿಲ್ಲುವುದು. ಹೋದವರ್ಷಕ್ಕಿಂತ ಸಂಬಳ ಏರಿದ ದಿನ ಕಂತನ್ನೂ ಏರಿಸಿ. ವ್ಯಕ್ತಿಗಳ ಬದಲಾಗುವ ಬಡ್ಡಿದರದ ಇಂಥ ಸಾಲಕ್ಕೆ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡವಿಲ್ಲ. ಒಂದು ಉದಾಹರಣೆ: 7,930ರ ಹತ್ತು ವರ್ಷದ ಕಂತಿಗೆ ತಿಂಗಳಿಗೆ ಒಂದು ಸಾವಿರ ಸೇರಿಸಿ ಕಟ್ಟಿದರೆ ಸಾಲ 120 ತಿಂಗಳ ಬದಲು 99 ತಿಂಗಳಿಗೆ ತೀರುತ್ತದೆ. ಹೆಚ್ಚುವರಿ ಹಣ ಕಟ್ಟುವಾಗ ‘ಅಸಲಿಗೆ ಜಮಾ ಮಾಡಿ, ಅವಧಿ ಕಡಿಮೆ ಮಾಡಿ’ ಎಂದು ಬರೆದುಕೊಡಿ. ಬರೆಯದಿದ್ದರೆ ಅದು ಮುಂದಿನ ಕಂತಿನ ಮುಂಗಡವಾಗಿ ಖಾತೆಯಲ್ಲಿ ಕೂರಬಹುದು, ಬಡ್ಡಿ ಮೊದಲಿನಂತೆಯೇ ಓಡುತ್ತಿರುತ್ತದೆ.